ಹಳೆಯ ಮುರಕಲ್ಲಿನ ಕೋರೆ, ಪಕ್ಕದ ಶಾಲೆ, ಕೆಳಗಿನ ಮನೆ: ಮಣ್ಣು ತುಂಬಿಸುವ ಮೊದಲು

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ದೂರದ ಗುಡ್ಡೆಯಲ್ಲಿ ನಮ್ಮ ಕುಟುಂಬಕ್ಕೆ ಸೇರಿದ ಸುಮಾರು ಮೂರೂವರೆ ಎಕರೆ ಜಾಗವಿದೆ. ಮೇಲ್ಬದಿಯಲ್ಲಿ ಅಜ್ಜ ಆರಂಭಿಸಿದ ಅನುದಾನಿತ ಕನ್ನಡ ಶಾಲೆ, ನಡುವೆ ಒಂದು ಎಕರೆಯಷ್ಟು ಮುರಕಲ್ಲಿನ ಹಳೆಯ ಕೋರೆ, ಕೆಳಬದಿಯಲ್ಲಿ ನಮ್ಮ ಹೆಂಚಿನ ಮನೆ ಮತ್ತು ಅಡಿಕೆ ತೋಟ. ಕಲ್ಲು ತೆಗೆಯುವುದು ನಿಂತು ಹತ್ತು ವರ್ಷವಾಯಿತು. ಗುಂಡಿಯ ಆಳ ಹದಿನೈದರಿಂದ ಹದಿನೆಂಟು ಅಡಿ. ಈಗ ಶಾಲೆಗೆ ಆಟದ ಬಯಲು ಬೇಕು, ತಮ್ಮಂದಿರಿಬ್ಬರಿಗೆ ಮನೆ ಕಟ್ಟಲು ಜಾಗ ಬೇಕು. ಕೋರೆಗೆ ಮಣ್ಣು ತುಂಬಿಸಿ, ಎಲ್ಲವನ್ನೂ ಸಮತಟ್ಟು ಮಾಡಿ, ಇಂಟರ್‌ಲಾಕ್ ಹಾಸುವುದೇ ಒಳ್ಳೆಯದೆಂದು ಗುತ್ತಿಗೆದಾರರು ಹೇಳುತ್ತಾರೆ. ಮನೆಯ ಹಿಂದಿನ ಸುರಂಗದ ನೀರು ಮೊದಲಿನಷ್ಟು ಕಾಲ ಬರುತ್ತಿಲ್ಲ ಎಂಬ ಚಿಂತೆಯೂ ಇದೆ. ನಾವು ಏನು ಮಾಡಬಹುದು? ಶಾಲೆಯ ಬದಿಯಲ್ಲಿರುವ ದೊಡ್ಡ ಕಾಸರಕನ ಮರವನ್ನು ಕಡಿಯಬೇಕೇ?

ಉತ್ತರ: ಕೋರೆಯನ್ನು ಮುಚ್ಚಬೇಡಿ. ಹಾಗೆ ಹೇಳುವುದಕ್ಕೆ ಗುಂಡಿಯ ಮೇಲಿನ ಮೋಹ ಕಾರಣವಲ್ಲ, ಲೆಕ್ಕ ಕಾರಣ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಸರಾಸರಿ ಆಳವನ್ನು ಐದು ಮೀಟರ್ ಎಂದು ಹಿಡಿದರೆ ನಿಮಗೆ ಬೇಕಾಗುವ ಮಣ್ಣು ಸುಮಾರು 20,000 ಘನ ಮೀಟರ್. ಟಿಪ್ಪರೊಂದಕ್ಕೆ ಐದು ಘನ ಮೀಟರಿನಂತೆ ನಾಲ್ಕು ಸಾವಿರ ಲೋಡು. ಆ ಮಣ್ಣು ಎಲ್ಲಿಂದಲೋ ಬರಬೇಕು, ಅಂದರೆ ನಿಮ್ಮ ಗುಂಡಿ ತುಂಬುವುದಕ್ಕೆ ಇನ್ನೊಬ್ಬರ ಗುಡ್ಡ ಗುಂಡಿಯಾಗಬೇಕು. ಅದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿಯೂ ಬೇಕು. ಇಷ್ಟೆಲ್ಲ ಆದ ಮೇಲೂ ಸಡಿಲ ಮಣ್ಣು ಹಲವು ಮಳೆಗಾಲಗಳವರೆಗೆ ಕುಸಿಯುತ್ತಲೇ ಇರುತ್ತದೆ. ಅದರ ಮೇಲೆ ಹಾಸಿದ ಇಂಟರ್‌ಲಾಕ್ ಎರಡನೆಯ ವರ್ಷಕ್ಕೆ ಅಲೆಯಂತೆ ಏಳುತ್ತದೆ. ಕಟ್ಟಿದ ಮನೆ ಬಿರುಕು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತುಂಬಿದ ಸಡಿಲ ಮಣ್ಣು ಮಳೆನೀರನ್ನು ಹೀರಿ ಭಾರವಾಗಿ ನಿಲ್ಲುವುದು ನಿಮ್ಮ ಹಳೆಯ ಮನೆಯ ನೆತ್ತಿಯ ಮೇಲೆ.

ಆದುದರಿಂದ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿಕೊಳ್ಳೋಣ. ಗುಂಡಿಯನ್ನು ಹೇಗೆ ಇಲ್ಲವಾಗಿಸುವುದು ಎಂಬುದರ ಬದಲು, ಈ ಮೂರೂವರೆ ಎಕರೆಯಲ್ಲಿ ಬೀಳುವ ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಇಂಗಬೇಕು, ಎಲ್ಲಿಂದ ಹೊರಗೆ ಹೋಗಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಆಟದ ಬಯಲು, ಮನೆ, ದಾರಿ, ಗಿಡ ಎಲ್ಲವೂ ಆ ತೀರ್ಮಾನದ ಹಿಂದೆ ಬರುತ್ತವೆ. ಭೂದೃಶ್ಯ ವಿನ್ಯಾಸವೆಂದರೆ ಕಟ್ಟಡ ಮುಗಿದ ಮೇಲೆ ಉಳಿದ ಜಾಗದಲ್ಲಿ ಹುಲ್ಲು ಹಾಸಿ ಪಾಮ್ ಗಿಡ ನೆಡುವುದು ಎಂದು ನಮ್ಮಲ್ಲಿ ತಿಳಿದುಕೊಂಡಿರುವುದರಿಂದಲೇ ಈ ಕ್ರಮ ತಲೆಕೆಳಗಾಗಿದೆ.

ನಿಮ್ಮ ನೆಲದ ಸ್ವಭಾವವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಮುರಕಲ್ಲು ಎನ್ನುವ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಕಂಡ ಕಲ್ಲನ್ನು ಅವರು 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ವರದಿಯಲ್ಲಿ ಹಾಗೆ ಕರೆದರು. ನೆಲದೊಳಗಿರುವಾಗ ಕಡಿಯಲು ಬರುವಷ್ಟು ಮೆದು, ಗಾಳಿ ಬಿಸಿಲಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಟ್ಟಿ: ಈ ಗುಣ ನಿಮ್ಮ ಊರಿನ ಕಲ್ಲು ಕಡಿಯುವವರಿಗೆ ಬುಕಾನನ್ನರಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ಸಾಮಾನ್ಯವಾಗಿ ಮೇಲ್ಗಡೆ ಕಲ್ಲುಹಾಸಿನಂತೆ ಗಟ್ಟಿಯಾದ ಪಾದೆ, ಅದರಡಿಯಲ್ಲಿ ತೂತುತೂತಾದ ಕಲ್ಲು, ಇನ್ನೂ ಕೆಳಗೆ ನುಣ್ಣನೆಯ ಜೇಡಿಯಂಥ ಶೇಡಿಮಣ್ಣು ಇರುತ್ತದೆ. ಮಳೆನೀರು ಕಲ್ಲಿನ ತೂತುಗಳ ಮೂಲಕ ಇಳಿದು ಶೇಡಿಯ ಮೇಲೆ ತಡೆದು ನಿಂತು, ಅಡ್ಡಕ್ಕೆ ಹರಿಯುತ್ತದೆ. ಸುರಂಗವೆಂಬುದು ಈ ಅಡ್ಡ ಹರಿವನ್ನು ಗುಡ್ಡದ ಪಕ್ಕೆಯಿಂದ ಕೊರೆದು ಹಿಡಿಯುವ ಉಪಾಯವಷ್ಟೇ.

ಕೋರೆ ತೆಗೆದಾಗ ನೀವು ಕಳೆದುಕೊಂಡದ್ದು ಕಲ್ಲನ್ನು ಮಾತ್ರವಲ್ಲ, ನೀರನ್ನು ನಿಧಾನವಾಗಿ ಬಿಟ್ಟುಕೊಡುತ್ತಿದ್ದ ಸ್ಪಂಜಿನ ಒಂದು ಭಾಗವನ್ನೂ ಕಳೆದುಕೊಂಡಿರಿ. ಸುರಂಗದ ನೀರು ಬೇಗ ಸೊರಗುವುದಕ್ಕೆ ಅದೇ ಕಾರಣವೆಂದು ಸ್ಥಳ ನೋಡದೆ ನಾನು ಹೇಳಲಾರೆ. ಸುತ್ತಮುತ್ತಲಿನ ಕೊಳವೆಬಾವಿಗಳೂ ಕಾರಣವಾಗಿರಬಹುದು. ಹಾಗಿದ್ದರೂ ಕೋರೆಯ ತಳ ಇನ್ನೂ ತೂತುಕಲ್ಲಿನಲ್ಲಿಯೇ ಇದೆಯೇ ಅಥವಾ ಶೇಡಿಯನ್ನು ಮುಟ್ಟಿದೆಯೇ ಎಂಬುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಪರೀಕ್ಷೆ ಕಷ್ಟವಲ್ಲ. ತಳದ ನಾಲ್ಕಾರು ಕಡೆ ಒಂದು ಅಡಿ ಉದ್ದಗಲ ಆಳದ ಕುಳಿ ತೆಗೆದು, ಮೊದಲ ದಿನ ನೀರು ತುಂಬಿ ನೆನೆಯಲು ಬಿಡಿ. ಮರುದಿನ ಮತ್ತೆ ತುಂಬಿ, ನೀರು ಒಂದು ಇಂಚು ಇಳಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಬರೆದಿಡಿ. ಕೆಲವು ನಿಮಿಷಗಳಲ್ಲಿ ಇಳಿದರೆ ಅಲ್ಲಿ ನೀರು ಇಂಗಿಸಬಹುದು. ಬೆಳಗ್ಗೆ ತುಂಬಿದ್ದು ಸಂಜೆಯವರೆಗೂ ಹಾಗೆಯೇ ನಿಂತರೆ, ಅಥವಾ ಕುಳಿಯ ಮಣ್ಣು ಬೆರಳಿಗೆ ಬೆಣ್ಣೆಯಂತೆ ನುಣ್ಣಗೆ ಅಂಟಿದರೆ, ಅಲ್ಲಿ ಇಂಗಿಸುವ ಯೋಚನೆಯನ್ನೇ ಬಿಡಬೇಕು.

ಎರಡನೆಯ ಕೆಲಸವನ್ನು ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ಮಳೆಯಲ್ಲಿ, ಕೊಡೆ ಹಿಡಿದು ಮಾಡಬೇಕು. ಮಳೆ ಸುರಿಯುತ್ತಿರುವಾಗ ನೀವೇ ಜಾಗದಲ್ಲಿ ನಡೆದು, ನೀರು ಎಲ್ಲಿಂದ ಕೋರೆಯೊಳಗೆ ಬೀಳುತ್ತದೆ, ಎಲ್ಲಿ ಕೆಂಪಾಗಿ ಹರಿಯುತ್ತದೆ, ಎಲ್ಲಿ ತಿಳಿಯಾಗಿ ಹರಿಯುತ್ತದೆ, ದರೆಯ, ಎಂದರೆ ಕಡಿದು ನಿಂತ ಕಲ್ಲುಗೋಡೆಯ, ಯಾವ ಬಿರುಕಿನಿಂದ ಮಳೆ ನಿಂತ ಮೇಲೂ ಜಿನುಗುತ್ತದೆ ಎಂಬುದನ್ನು ಕಾಗದದ ಮೇಲೆ ಗುರುತಿಸಿಕೊಳ್ಳಿ. ಸರ್ವೆಯವರು ಬೇಸಗೆಯಲ್ಲಿ ಬಂದು ಒಂದೇ ಎತ್ತರದ ಜಾಗಗಳನ್ನು ಜೋಡಿಸುವ, ಅರ್ಧ ಮೀಟರ್ ಅಂತರದ ಸಮೋನ್ನತಿ ರೇಖೆಗಳನ್ನು ಹಾಕಿಕೊಡುತ್ತಾರೆ; ಅದೂ ಬೇಕು. ಆದರೆ ಆ ನಕ್ಷೆಗೆ ಜೀವ ಬರುವುದು ನಿಮ್ಮ ಈ ಒದ್ದೆ ಕಾಗದದಿಂದ.

ಈಗ ನೀರಿನ ಲೆಕ್ಕ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಮೂರು ಮೀಟರ್ ಎಂದೇ ಹಿಡಿದರೂ ಎಕರೆಯೊಂದರ ಮೇಲೆ ಬೀಳುವ ನೀರು 1.2 ಕೋಟಿ ಲೀಟರ್. ನಿಮ್ಮ ಜಾಗಕ್ಕೆಲ್ಲ 4.2 ಕೋಟಿ. ಅದು ಹದವಾಗಿ ಬರುವುದಿಲ್ಲ ಎಂಬುದೇ ತೊಂದರೆ. ಗಂಟೆಗೆ 100 ಮಿ.ಮೀ. ಬಿರುಸಿನ ಮಳೆ ಹೊಡೆದರೆ, ಗಟ್ಟಿ ಪಾದೆಯ ಒಂದು ಎಕರೆಯಿಂದ ಸೆಕೆಂಡಿಗೆ ಸುಮಾರು ನೂರು ಲೀಟರ್ ನೀರು ಹೊರಡುತ್ತದೆ. ಇದನ್ನು ಒಯ್ಯಲು, ಮುರಕಲ್ಲು ಕಟ್ಟಿದ ಒರಟು ಚರಂಡಿಗೆ 200 ಅಡಿಗೆ ಒಂದು ಅಡಿಯ ಇಳಿಜಾರಿದ್ದರೆ, ಒಂದೂವರೆ ಅಡಿ ಅಗಲ ಬೇಕು. ನೀರು ಒಂದು ಅಡಿ ಎತ್ತರಕ್ಕೆ ಹರಿಯುತ್ತದೆ, ತರಗೆಲೆ ಸಿಕ್ಕಿ ಉಬ್ಬುವುದಕ್ಕೆಂದು ಮೇಲೆ ಇನ್ನರ್ಧ ಅಡಿ ಬಿಡಬೇಕು. ನಮ್ಮ ಎಷ್ಟೋ ಶಾಲೆಗಳ ಅಂಗಳದ ಸುತ್ತ ಕಾಣುವ ಆರಿಂಚಿನ ಸಿಮೆಂಟು ತೋಡು ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಮಕ್ಕಳು ಜೂನ್ ಮೊದಲ ವಾರ ಅಂಗಳದ ಕೆಸರಿನಲ್ಲಿ ಚಪ್ಪಲಿ ಕಳೆದುಕೊಳ್ಳುವುದು ಮಳೆಯ ದೋಷದಿಂದಲ್ಲ.

ಶಾಲೆಯ ಮೇಲ್ಬದಿಯಲ್ಲಿ, ಗುಡ್ಡೆಯ ನೀರು ಶಾಲೆಗಾಗಲೀ ಕೋರೆಯ ಅಂಚಿಗಾಗಲೀ ನೇರವಾಗಿ ಬರದಂತೆ, ಇಂಥ ಒಂದು ಅಗಳನ್ನು ಸಮೋನ್ನತಿಗೆ ಹೆಚ್ಚು ಕಡಿಮೆ ಹೊಂದಿಸಿ ತೆಗೆಯಿರಿ. ಅದರ ಕೊನೆಯನ್ನು ಜಾಗದ ಬದಿಯ ತೋಡಿಗೆ ಸೇರಿಸಿ. ನಡುವೆ ಒಂದು ಕಡೆ, ಕಲ್ಲಿನ ಕಟ್ಟೆಯ ಎತ್ತರವನ್ನು ಹೊಂದಿಸಿ, ನಿಮಗೆ ಬೇಕಾದಷ್ಟು ನೀರು ಮಾತ್ರ ಕೋರೆಗೆ ಇಳಿಯುವ ಹಾಗೆ ಮಾಡಿ. ಕೋರೆಗೆ ಹೊರದಾರಿ ಇರಲೇಬೇಕು. ಹೊರದಾರಿಯಿಲ್ಲದ ಬಟ್ಟಲಿಗೆ ಗುಡ್ಡೆಯ ನೀರನ್ನೆಲ್ಲ ತಿರುಗಿಸಿ ಅದಕ್ಕೆ ಮಳೆಕೊಯ್ಲು ಎಂದು ಹೆಸರಿಡುವವರನ್ನು ನೋಡಿದ್ದೇನೆ. ಕೆಳಗೆ ಮನೆಯಿರುವಲ್ಲಿ ಅದು ತುಂಬ ಅಪಾಯದ ಕೆಲಸ. ಶೇಡಿಯ ಮೇಲೆ ನೀರಿನ ಒತ್ತಡ ಹೆಚ್ಚಾದರೆ ಅದು ಒಳಗಿಂದೊಳಗೆ ಕೊಳವೆಯಂತೆ ಕೊರೆದುಕೊಂಡು ಹೋಗುತ್ತದೆ. ಇಂಥ ಸವೆತ ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ದಾಖಲಾಗಿದೆ. ಆದುದರಿಂದ ಇಂಗುಗುಂಡಿ ಕೋರೆಯ ಮೇಲ್ಬದಿಯ ಮೂರನೆಯ ಒಂದು ಭಾಗದಲ್ಲಿರಲಿ, ಕೆಳಬದಿಯ ದರೆಯಿಂದ ಕನಿಷ್ಠ ಹದಿನೈದು ಮೀಟರ್ ದೂರವಿರಲಿ. ಸುರಂಗದ ನೀರು ಇದ್ದಕ್ಕಿದ್ದಂತೆ ಹೆಚ್ಚಿ ಕದಡಿ ಬಂದರೆ ಖುಷಿಪಡದೆ ಆ ದಿನವೇ ಕೋರೆಗೆ ಬರುವ ನೀರನ್ನು ನಿಲ್ಲಿಸಿ, ಭೂವಿಜ್ಞಾನ ಬಲ್ಲವರನ್ನು ಕರೆಸಿ.

ದರೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಗಟ್ಟಿ ಮುರಕಲ್ಲಿನ ದರೆ ನೆಟ್ಟಗೆ ದಶಕಗಟ್ಟಲೆ ನಿಲ್ಲುತ್ತದೆ. ಬುಡದಲ್ಲಿ ಶೇಡಿ ಕಾಣಿಸಿದ ದರೆ ನಿಲ್ಲುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ಕಡಿದ ಗುಡ್ಡಗಳು ಮಳೆಗಾಲದಲ್ಲಿ ಇಳಿದು ಬಂದದ್ದನ್ನು ಜಿಲ್ಲೆಯವರೆಲ್ಲ ನೋಡಿದ್ದೀರಿ. ಗಟ್ಟಿ ದರೆಯನ್ನು ಹಾಗೆಯೇ ಬಿಡಿ. ಸಿಮೆಂಟು ಬಳಿದರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ಇನ್ನಷ್ಟು ತೊಂದರೆ. ಸಡಿಲ ಭಾಗಗಳಲ್ಲಿ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಳಿಜಾರು ಕಡಿಮೆ ಮಾಡಿ, ಮೆಟ್ಟಿಲಿನ ಮೇಲೆ ಲಾವಂಚವನ್ನು ಅಡ್ಡಸಾಲಿನಲ್ಲಿ ನೆಡಿ. ದರೆಯ ಅಂಚಿನಲ್ಲಿ ದೊಡ್ಡ ಮರ ಬೇಡ. ಮುರಕಲ್ಲಿನ ಮೇಲೆ ಬೇರು ಆಳಕ್ಕೆ ಹೋಗದೆ ಅಡ್ಡಕ್ಕೆ ಹರಡುವುದರಿಂದ ಮಳೆಗಾಳಿಗೆ ಮರವೂ ಬೀಳುತ್ತದೆ, ಜೊತೆಗೆ ದರೆಯ ಒಂದು ತುಂಡೂ ಬೀಳುತ್ತದೆ.

ಇನ್ನು ಆಟದ ಬಯಲು. ಕೋರೆಯ ತಳದಲ್ಲಿ 50 ಮೀಟರ್ ಉದ್ದ, 30 ಮೀಟರ್ ಅಗಲದ ಒಂದು ಬಯಲನ್ನು ಉತ್ತರ ದಕ್ಷಿಣವಾಗಿ ಹೊಂದಿಸಬಹುದು. ಹಾಗೆ ಮಾಡಿದರೆ ಸಂಜೆಯ ಬಿಸಿಲು ಆಡುವವರ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ನೂರಕ್ಕೆ ಒಂದರಷ್ಟು ಅಡ್ಡ ಇಳಿಜಾರು ಕೊಟ್ಟರೆ ಮಳೆ ನಿಂತ ಅರ್ಧ ಗಂಟೆಯಲ್ಲಿ ಆಡಬಹುದು. ಕಲ್ಲು ಕಡಿದವರು ಬಿಟ್ಟುಹೋದ ಮೆಟ್ಟಿಲುಗಳು ಪಶ್ಚಿಮದ ದರೆಯಲ್ಲಿ ಇದ್ದರೆ ಅವನ್ನು ಕೆಡವಬೇಡಿ. ಎತ್ತರ ಒಂದೂವರೆ ಅಡಿ, ಅಗಲ ಎರಡೂವರೆ ಅಡಿಯಂತೆ ಅಲ್ಲಲ್ಲಿ ತಿದ್ದಿದರೆ ಅವೇ ಕೂರುವ ಸಾಲುಗಳು. ಪಶ್ಚಿಮದ ಐದು ಮೀಟರ್ ದರೆಯ ನೆರಳು, ಮಾರ್ಚ್ ತಿಂಗಳಲ್ಲಿ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಐದು ಮೀಟರಿನಷ್ಟು ಮುಂದೆ ಬಂದಿರುತ್ತದೆ. ಮಕ್ಕಳು ಆ ನೆರಳಿನಲ್ಲಿ ಕುಳಿತು ಪೂರ್ವಕ್ಕೆ ಮುಖ ಮಾಡಿ ನೋಡುತ್ತಾರೆ. ಶಾಲೆಯ ವಾರ್ಷಿಕೋತ್ಸವಕ್ಕೂ ಯಕ್ಷಗಾನಕ್ಕೂ ಇದಕ್ಕಿಂತ ಒಳ್ಳೆಯ ಬಯಲು ರಂಗ ಬೇಕೇ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದನ್ನು ನಾನು ಒತ್ತಿ ಹೇಳಬೇಕಾಗಿಲ್ಲ.

ಆದರೆ ಗುಂಡಿಯ ಒಂದು ದೋಷವನ್ನು ಮರೆಮಾಚಬಾರದು. ಗಾಳಿ ಆಡದ, ಬೋಳು ಕೆಂಪುಕಲ್ಲಿನ ನಡುವಣ ತಗ್ಗು ಮಾರ್ಚ್ ಏಪ್ರಿಲಿನ ನಡುಹಗಲಿನಲ್ಲಿ ಒಲೆಯಾಗುತ್ತದೆ. ಮರಗಳು ಬೆಳೆಯುವ ತನಕ ಆ ಹೊತ್ತಿನಲ್ಲಿ ಅಲ್ಲಿ ಆಟ ಬೇಡ. ಬೆಳಗ್ಗಿನ ಅಸೆಂಬ್ಲಿ ಮತ್ತು ಮಧ್ಯಾಹ್ನದ ಬಿಡುವು ಮೇಲಿನ ಅಂಗಳದಲ್ಲಿಯೇ ನಡೆಯಲಿ. ಈ ಕಾರಣಕ್ಕೇ ಮೇಲಿನ ಅಂಗಳಕ್ಕೆ ಇಂಟರ್‌ಲಾಕ್ ಬೇಡವೆನ್ನುತ್ತೇನೆ: ಬಿಸಿಲಿನ ಶಾಖವನ್ನು ಹೀರಿಕೊಂಡು ಸಂಜೆಯವರೆಗೂ ಉಗುಳುವ, ನೀರನ್ನು ಬಹುಪಾಲು ಹೊರಗಟ್ಟುವ ಹಾಸನ್ನು ಬರಿಗಾಲಿನ ಮಕ್ಕಳ ಕೆಳಗೆ ಹಾಕುವುದು ಜಾಣತನವಲ್ಲ. ಕೋರೆಯಲ್ಲಿ ಬಿದ್ದಿರುವ ಕಲ್ಲಿನ ಚೂರನ್ನು ಹಾಸಿ, ಮೇಲೆ ಮುರಕಲ್ಲಿನ ಪುಡಿ ಹಾಕಿ, ನೀರು ಚಿಮುಕಿಸಿ, ಉರುಳೆ ಹೊಡೆದ ನೆಲ ಅಂಗಳಕ್ಕೆ ಸಾಕು. ವಾಹನ ಓಡುವ ದಾರಿಗೆ ಮಾತ್ರ ಗಟ್ಟಿ ಹಾಸು ಇರಲಿ.

ಕೋರೆಗೆ ಇಳಿಯುವ ದಾರಿಯೂ ವಿನ್ಯಾಸದ ಭಾಗವೇ. ಲಾರಿ ಇಳಿಯುತ್ತಿದ್ದ ಹಳೆಯ ದಾರಿ ಬಹುಶಃ ತೀರ ಕಡಿದಾಗಿರುತ್ತದೆ. ಗಾಲಿಕುರ್ಚಿ ಹೋಗಬೇಕಾದರೆ ಹನ್ನೆರಡು ಅಡಿಗೆ ಒಂದು ಅಡಿಗಿಂತ ಹೆಚ್ಚು ಏರು ಇರಬಾರದು. ಐದು ಮೀಟರ್ ಇಳಿಯಲು 60 ಮೀಟರ್ ಇಳಿಜಾರು, ಪ್ರತಿ ಒಂಬತ್ತು ಮೀಟರಿಗೆ ಒಂದೂವರೆ ಮೀಟರಿನ ವಿಶ್ರಾಂತಿ ತಟ್ಟು. ಒಟ್ಟು ಸುಮಾರು 70 ಮೀಟರ್. ಇಷ್ಟು ಉದ್ದವನ್ನು ದರೆಯ ಬದಿಗೆ ಸುತ್ತಿಸಿದರೆ ಅದೊಂದು ಒಳ್ಳೆಯ ನಡೆದಾರಿಯೂ ಆಗುತ್ತದೆ. ಎಂಡೋಸಲ್ಫಾನ್ ಕೀಟನಾಶಕದಿಂದ ಎಷ್ಟೋ ಮಕ್ಕಳು ನಡೆಯಲಾರದೆ ಹೋದ ಜಿಲ್ಲೆಯಲ್ಲಿ, ಮೆಟ್ಟಿಲಿನಿಂದ ಮಾತ್ರ ತಲುಪಬಹುದಾದ ಆಟದ ಬಯಲನ್ನು ನಾನು ಯಾವ ಶಾಲೆಗೂ ಮಾಡಿಕೊಡಲಾರೆ. ಇದಲ್ಲದೆ ಇನ್ನೊಂದು ಬದಿಯಲ್ಲಿ ಮೆಟ್ಟಿಲಿನ ಎರಡನೆಯ ದಾರಿ ಇರಲಿ; ಗುಂಡಿಯಿಂದ ಮಕ್ಕಳನ್ನು ಅವಸರದಲ್ಲಿ ಹೊರತರಲು ಒಂದೇ ದಾರಿ ಸಾಲದು.

ನೀರು ನಿಲ್ಲುವ ಕೋರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ಪ್ರತಿ ಮಳೆಗಾಲದಲ್ಲಿ ಓದುತ್ತೇವೆ. ಕೋರೆಗೆ ಇಳಿದ ನೀರು ನಿಲ್ಲುವ ಕೊಳವನ್ನು ಬಯಲಿನಿಂದ ಬೇರೆಯಾದ ಮೂಲೆಯಲ್ಲಿಟ್ಟು, ಬೀಗವಿರುವ ಬೇಲಿ ಹಾಕಿ. ಅಂಚಿನಿಂದ ಎರಡು ಮೀಟರಿನವರೆಗೆ ಆಳ ಎರಡು ಅಡಿ ಮೀರದಿರಲಿ. ಕೋರೆಯ ಮೇಲಂಚಿನಲ್ಲಿ ನಾಲ್ಕಡಿ ಎತ್ತರದ ಕಲ್ಲಿನ ಪಾಗಾರವೊಂದೇ ಸಾಲದು, ಮಕ್ಕಳು ಅದರ ಮೇಲೆಯೇ ನಡೆಯುತ್ತಾರೆ. ಪಾಗಾರದ ಈಚೆಗೆ ಆರಡಿ ಅಗಲದ ಪೊದೆಸಾಲು ಇದ್ದರೆ ಪಾಗಾರದವರೆಗೆ ಯಾರೂ ಹೋಗುವುದಿಲ್ಲ. ಚೂರಿಮುಳ್ಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಗಿಡ. ಸೊಳ್ಳೆಯ ಭಯಕ್ಕೆ ಕೊಳವನ್ನು ಬಿಡಬೇಕಾಗಿಲ್ಲ. ನಮ್ಮ ತೋಡುಗಳಲ್ಲಿ ನೆತ್ತಿಯ ಮೇಲೆ ಬೆಳ್ಳಿಚುಕ್ಕೆ ಹೊಳೆಯುವ ಸಣ್ಣ ಮೀನುಗಳಿವೆಯಲ್ಲ, ಅವು ಸೊಳ್ಳೆಮರಿಗಳನ್ನು ಚೆನ್ನಾಗಿ ತಿನ್ನುತ್ತವೆ. ಸೊಳ್ಳೆ ಹೆಚ್ಚು ಹುಟ್ಟುವುದು ಕೊಳದಲ್ಲಲ್ಲ, ವಾರಗಟ್ಟಲೆ ನೀರು ನಿಂತ ಕಲ್ಲಿನ ಕುಳಿಗಳಲ್ಲಿ ಮತ್ತು ಅಡಿಕೆ ಹಾಳೆಗಳಲ್ಲಿ.

ಗಿಡಗಳ ವಿಷಯಕ್ಕೆ ಬರುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿಯ ಆರಂಭದಲ್ಲಿ ಇಂಥದೇ ಪಾದೆಯ ಮೇಲಿನ ಒಂದು ಸಂಸ್ಥೆಗೆ, ಮೂರಡಿ ಉದ್ದಗಲದ ಅಚ್ಚುಕಟ್ಟಾದ ಗುಂಡಿಗಳನ್ನು ಯಂತ್ರದಿಂದ ಕೊರೆಸಿ, ಒಳ್ಳೆಯ ಮಣ್ಣು ಗೊಬ್ಬರ ತುಂಬಿಸಿ, ನೂರಾರು ಸಸಿಗಳನ್ನು ನೆಡಿಸಿದೆ. ಜುಲೈ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಕೊಳೆತು ಸತ್ತವು. ನೀರಿಲ್ಲದೆ ಗಿಡ ಸಾಯುವುದನ್ನು ಮಾತ್ರ ಕಲಿತಿದ್ದ ನನಗೆ, ಗಟ್ಟಿಕಲ್ಲಿನ ಗುಂಡಿ ಮಳೆಗಾಲದಲ್ಲಿ ತೂತಿಲ್ಲದ ಕೊಪ್ಪರಿಗೆಯಾಗುತ್ತದೆಂಬುದು ಹೊಳೆದಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಕಲ್ಲು ಕಡಿಯುವವರೊಬ್ಬರು, ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ ಎಂದರು. ಅಂದಿನಿಂದ ಗುಂಡಿಗಳನ್ನು ಬಿಡಿಬಿಡಿಯಾಗಿ ತೆಗೆಸದೆ, ಇಳಿಜಾರಿನ ಉದ್ದಕ್ಕೂ ಒಂದು ಅಡಿ ಅಗಲದ ಸಣ್ಣ ಅಗಳಿನಿಂದ ಒಂದಕ್ಕೊಂದು ಜೋಡಿಸಿ, ಕೊನೆಯ ಗುಂಡಿಗೆ ಹೊರದಾರಿ ಕೊಡಿಸುತ್ತೇನೆ. ಅದು ಸಾಧ್ಯವಿಲ್ಲದಲ್ಲಿ ಎರಡಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿಸುತ್ತೇನೆ. ಜೋಧಪುರದ ರಾವ್ ಜೋಧಾ ಉದ್ಯಾನದಲ್ಲಿ 2006ರಿಂದ ಬಂಡೆನೆಲವನ್ನು ಮರಳಿ ಸ್ಥಳೀಯ ಗಿಡಗಳಿಗೆ ಒಪ್ಪಿಸುವ ಕೆಲಸ ನಡೆದಾಗ, ಪ್ರೊಸೋಪಿಸ್ ಎಂಬ ಹೊರನಾಡಿನ ಮುಳ್ಳುಮರದ ಬೇರುಗಳನ್ನು ಬಂಡೆಯ ಸೀಳುಗಳಿಂದ ಕಿತ್ತು ತೆಗೆದವರು ಅಲ್ಲಿನ ಕಲ್ಲುಗಣಿಯ ಕೆಲಸಗಾರರು. ಸುತ್ತಿಗೆಯಿಂದ ತಟ್ಟಿ, ಶಬ್ದ ಕೇಳಿ, ಬಿರುಕು ಎಲ್ಲಿದೆಯೆಂದು ಅವರು ಹೇಳಬಲ್ಲವರಾಗಿದ್ದರು. ನಿಮ್ಮ ಕೋರೆಯಲ್ಲಿ ದುಡಿದವರು ಊರಿನಲ್ಲಿ ಇನ್ನೂ ಇದ್ದರೆ, ನನ್ನಂಥವರನ್ನು ಕರೆಯುವ ಮೊದಲು ಅವರನ್ನು ಕರೆದು ಜಾಗ ತೋರಿಸಿ.

ಮಣ್ಣು ಹೊರಗಿನಿಂದ ತರಬೇಕಾಗಿಲ್ಲ. ಕೋರೆ ತೆರೆದಾಗ ಮೇಲಿನ ಮಣ್ಣನ್ನು ಎಲ್ಲೋ ಒಂದು ಬದಿಗೆ ರಾಶಿ ಹಾಕಿರುತ್ತಾರೆ. ಅದರ ಮೇಲೆ ಈಗ ಅಕೇಶಿಯಾ ಮತ್ತು ಕಮ್ಯುನಿಸ್ಟ್ ಗಿಡವೆಂಬ ಕಳೆ ಬೆಳೆದಿರುತ್ತದೆ. ಆ ರಾಶಿಯೇ ನಿಮ್ಮ ಬಂಡವಾಳ. ಮುರಕಲ್ಲಿನ ಮಣ್ಣು ಹುಳಿ ಗುಣದ್ದು, ಪರೀಕ್ಷಿಸಿ ಸುಣ್ಣ ಸೇರಿಸಬೇಕು. ತೋಟದಲ್ಲಿ ತೆಂಗಿನ ಸಿಪ್ಪೆ ಬೇಕಾದಷ್ಟು ಸಿಗುವುದರಿಂದ ಅದನ್ನು ಅಗಳಿನಲ್ಲಿ ಪದರವಾಗಿ ಹೂಳಿ. ನೀರು ಹಿಡಿದಿಡಲು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇಳಿಜಾರಿನ ತೆಂಗಿನ ತೋಟಗಳಿಗೆ ಹೇಳುವ ಕ್ರಮವೇ ಇದು. ಅಗಳಿನ ದಂಡೆಯ ಮೇಲೆ ಅನಾನಸು ನೆಟ್ಟರೆ ಮಣ್ಣು ಜಾರದು.

ಶಾಲೆಗೆ ಗಿಡ ಆರಿಸುವಾಗ ಒಂದು ಸಂಗತಿ ಎಲ್ಲರಿಗೂ ಮರೆತುಹೋಗುತ್ತದೆ: ಅತ್ಯಂತ ಒಣಗಿದ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಶಾಲೆಗೆ ರಜೆ. ನೀರೆರೆಯಲು ಯಾರೂ ಇರುವುದಿಲ್ಲ. ಹುಲ್ಲುಹಾಸು, ವಿದೇಶಿ ಪಾಮ್, ಕುಂಡದ ಸಾಲು ಎಲ್ಲವೂ ಶಾಲೆ ತೆರೆಯುವಾಗ ಒಣಗಿ ನಿಂತಿರುತ್ತವೆ. ಜೂನ್ ಮೊದಲ ಮಳೆಗೆ ನೆಟ್ಟು, ತುಲಾ ಮಾಸದ ಮಳೆಯನ್ನೂ ಕುಡಿದು, ಎರಡು ಬೇಸಗೆಗೆ ಮಾತ್ರ ನಿಮ್ಮ ಆರೈಕೆ ಬೇಡುವ ಮರಗಳನ್ನು ಆರಿಸಿ. ಅಂಗಳದ ಪಶ್ಚಿಮ ಬದಿಗೆ ಬಕುಳ, ಸುರಹೊನ್ನೆ, ಹೆಬ್ಬಲಸು. ಕೋರೆಯ ತಳದಲ್ಲಿ ದಿಬ್ಬಗಳ ಮೇಲೆ ನೇರಳೆ, ಪುನರ್ಪುಳಿ. ಪೊದೆಗೆ ಕೇಪಳ, ಕುಂಟಾಲ, ನೆಕ್ಕರೆ. ಇವುಗಳ ಹಣ್ಣನ್ನು ಮಕ್ಕಳು ತಿನ್ನಬಹುದು, ಹಕ್ಕಿಗಳೂ ಬರುತ್ತವೆ. ತೆಂಗು ಮಕ್ಕಳು ಓಡಾಡುವಲ್ಲಿ ಬೇಡವೇ ಬೇಡ. ನರ್ಸರಿಯವರು ನೆಲ ಮುಚ್ಚಲು ಕೊಡುವ ಹಳದಿ ಹೂವಿನ ವೆಡೇಲಿಯಾ ಬೇಡ, ಅದು ಮೂರು ವರ್ಷದಲ್ಲಿ ತೋಡಿನ ಉದ್ದಕ್ಕೂ ಹಬ್ಬುತ್ತದೆ. ಇಡೀ ಜಾಗವನ್ನು ಗಿಡದಿಂದ ಮುಚ್ಚುವ ಹಟವೂ ಬೇಡ. ಶಾಲೆಯ ಬದಿಯಲ್ಲಿ ಕೋರೆ ಮುಟ್ಟದ ಪಾದೆಯ ತುಂಡು ಉಳಿದಿದ್ದರೆ ಅದನ್ನು ಬೋಳಾಗಿಯೇ ಬಿಡಿ: ಬೇಸಗೆಯಲ್ಲಿ ಬರಡಾಗಿ ಕಾಣುವ ಆ ಪಾದೆಯ ಮೇಲೆ ಮಳೆಗಾಲದಲ್ಲಿ ಕೀಟ ತಿನ್ನುವ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂಥ ಎರಿಯೊಕಾಲನ್, ಮುಳಿಹುಲ್ಲು ಬರುತ್ತವೆ, ವಿಜ್ಞಾನ ಪಾಠಕ್ಕೆ ಬೇರೆ ತೋಟ ಬೇಕಾಗುವುದಿಲ್ಲ. ಕಳೆನಾಶಕವನ್ನಂತೂ ಶಾಲೆಯ ಪಾಗಾರದೊಳಗೆ ತರಬೇಡಿ. ಗೇರು ತೋಟಗಳ ಮೇಲೆ ಆಕಾಶದಿಂದ ಎರಚಿದ ವಿಷ ಏನು ಮಾಡಿತೆಂಬುದನ್ನು ಕಂಡ ಊರಿನವರಿಗೆ ಇದಕ್ಕಿಂತ ಹೆಚ್ಚು ವಿವರಿಸುವುದು ಅಧಿಕಪ್ರಸಂಗವಾದೀತು.

ಮನೆಗಳಿಗೆ ಬಂದರೆ, ಎರಡೂ ಮನೆಗಳು ಕೋರೆಯೊಳಗೂ ಬೇಡ, ಕೋರೆಯ ಅಂಚಿನಲ್ಲೂ ಬೇಡ. ದರೆಯ ಎತ್ತರದಷ್ಟಾದರೂ ದೂರ ಬಿಡುವುದು ನಾನು ಪಾಲಿಸುವ ಕನಿಷ್ಠ ಅಂತರ. ಬುಡದಲ್ಲಿ ಶೇಡಿ ಇದ್ದರೆ ಅದರ ಎರಡರಷ್ಟು, ಅದೂ ಮಣ್ಣಿನ ಪರೀಕ್ಷೆ ಆದ ಮೇಲೆ. ಶಾಲೆಗೂ ಹಳೆಯ ಮನೆಗೂ ನಡುವೆ, ಕೋರೆಯ ಬದಿಯಲ್ಲಿ ಇರುವ ಕಡಿಯದ ನೆಲದಲ್ಲಿ, ಇಳಿಜಾರನ್ನು ಸಮತಟ್ಟು ಮಾಡದೆ, ಅರ್ಧ ಮಹಡಿಯಷ್ಟು ಏರಿಳಿತದಲ್ಲಿ ಮನೆಯನ್ನೇ ನೆಲಕ್ಕೆ ಹೊಂದಿಸಿ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮಾಡಿದ್ದು ಇದನ್ನೇ. ಗುಡ್ಡದ ಇಳಿಜಾರೂ ಇದ್ದ ಮರಗಳೂ ಎಲ್ಲಿದ್ದವೋ ಅಲ್ಲಿಯೇ ಉಳಿದು, ಗೋಡೆಗಳು ಬಾಗಿ ದಾರಿ ಬಿಟ್ಟವು.

ಅಡಿಕೆಯ ಮನೆಯ ಅಂಗಳಕ್ಕೆ ಪಟ್ಟಣದ ತೋಟದ ಮಾದರಿ ಹೊಂದುವುದಿಲ್ಲ. ನಿಮ್ಮಲ್ಲಿ ಅಂಗಳವೆಂದರೆ ಡಿಸೆಂಬರಿನಿಂದ ಏಪ್ರಿಲಿನವರೆಗೆ ಅಡಿಕೆ ಒಣಗುವ ಕೆಲಸದ ಜಾಗ. ಒಂದು ಕೊಯ್ಲು ಒಣಗಲು ನಲವತ್ತು ದಿನಕ್ಕೂ ಹೆಚ್ಚು ಬಿಸಿಲು ಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹತ್ತು ಮೀಟರ್ ಎತ್ತರದ ಮರ ನಡುಹಗಲಿನಲ್ಲಿಯೂ ಉತ್ತರಕ್ಕೆ ಏಳು ಮೀಟರಿಗಿಂತ ಹೆಚ್ಚು ನೆರಳು ಚೆಲ್ಲುತ್ತದೆ. ಆದುದರಿಂದ ಅಂಗಳದ ದಕ್ಷಿಣಕ್ಕೆ ಹೂವಿನ ಗಿಡ, ತರಕಾರಿ, ತುಳಸಿಕಟ್ಟೆ ಮಾತ್ರ. ಮಾವು ಹಲಸು ಮನೆಯ ಉತ್ತರಕ್ಕೆ ಅಥವಾ ಪಶ್ಚಿಮಕ್ಕೆ, ಮಳೆ ಗಾಳಿಗೆ ಬಿದ್ದರೂ ಮಾಡು ಮುಟ್ಟದಷ್ಟು ದೂರದಲ್ಲಿ. ಮೂರು ಮನೆಗೂ ಒಂದೇ ಅಂಗಳ ಹಂಚಿಕೊಂಡರೆ ಇನ್ನೂ ಒಳ್ಳೆಯದು, ಆದರೆ ಅದು ವಿನ್ಯಾಸಕಾರನು ತೀರ್ಮಾನಿಸುವ ವಿಷಯವಲ್ಲ. ತಮ್ಮಂದಿರನ್ನೂ ಮನೆಯ ಹೆಂಗಸರನ್ನೂ ಕೂರಿಸಿ ಕೇಳಿ.

ಕೆಲಸದ ಕ್ರಮ ಹೀಗಿರಲಿ: ಈ ಮಳೆಗಾಲ ನೋಡುವುದಕ್ಕೆ, ಬೇಸಗೆಯಲ್ಲಿ ಸರ್ವೆ ಮತ್ತು ಇಂಗುವಿಕೆಯ ಪರೀಕ್ಷೆ, ಮೇ ಕೊನೆಯ ಪತ್ತನಾಜೆಯ ಮುಂಚೆ ಮೇಲಿನ ಅಗಳು, ಕೋರೆಯ ಹೊರದಾರಿ ಮತ್ತು ಅಂಚಿನ ಬೇಲಿ ಮುಗಿಯಬೇಕು. ಇವು ಒಂದು ಮಳೆಗಾಲವನ್ನು ತಾಳಿದ ಮೇಲೆ ಆಟದ ಬಯಲು, ಆಮೇಲೆ ಮನೆ. ಹಣ ಕಡಿಮೆಯಿದ್ದರೆ ಕೊನೆಯಿಂದ ಬಿಡುತ್ತ ಬನ್ನಿ, ಮೊದಲಿನಿಂದಲ್ಲ.

ಕಾಸರಕನ ಮರವನ್ನು ಕಡಿಯಬೇಡಿ. ಊರವರು ಕಾಯರ್ ಎನ್ನುವ ಈ ಮರದಿಂದಲೇ ಕಾಸರಗೋಡೆಂಬ ಹೆಸರು ಬಂತೆಂದು ಹೇಳುವವರಿದ್ದಾರೆ. ಜಿಲ್ಲೆಯು ತನ್ನದೇ ಮರ, ಹೂವು, ಹಕ್ಕಿಗಳನ್ನು ಘೋಷಿಸಿಕೊಂಡಾಗ ಮರವಾಗಿ ಆರಿಸಿದ್ದೂ ಇದನ್ನೇ. ಪಾದೆಯ ಬಿಸಿಲಿಗೂ ಬಡಮಣ್ಣಿಗೂ ಒಗ್ಗಿ ದೊಡ್ಡದಾದ ಮರವನ್ನು ಇನ್ನೊಮ್ಮೆ ಬೆಳೆಸಲು ನಿಮ್ಮ ಮೊಮ್ಮಕ್ಕಳ ಕಾಲ ಬೇಕು. ಆದರೆ ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಉಗ್ರ ವಿಷವಿದೆ, ಕಿತ್ತಳೆ ಬಣ್ಣದ ದುಂಡು ಹಣ್ಣು ಸಣ್ಣ ಮಕ್ಕಳ ಕೈಗೆ ಆಟದ ಚೆಂಡಿನಂತೆ ಕಾಣುತ್ತದೆ. ಕೊಂಬೆಗಳ ಹರವಿನಷ್ಟು ಜಾಗಕ್ಕೆ ಸುತ್ತಲೂ ಮೂರಡಿ ಎತ್ತರದ ಕಲ್ಲಿನ ಕಟ್ಟೆ ಹಾಕಿ, ಒಳಗೆ ದಟ್ಟವಾಗಿ ಕೇಪಳ ನೆಟ್ಟು, ಹಣ್ಣು ಉದುರುವ ತಿಂಗಳುಗಳಲ್ಲಿ ಬೆಳಗ್ಗೆ ಗಂಟೆ ಹೊಡೆಯುವ ಮೊದಲು ಗುಡಿಸಿ ತೆಗೆಯುವ ಕೆಲಸವನ್ನು ದೊಡ್ಡವರೊಬ್ಬರಿಗೆ ವಹಿಸಿಕೊಡಿ. ಮಕ್ಕಳಿಗೆ ಅದು ಯಾವ ಮರ, ಏಕೆ ಮುಟ್ಟಬಾರದು ಎಂಬುದನ್ನು ಕಟ್ಟೆಯ ಮೇಲೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಸಿರಿ.